ಚೀನಾದ ಪೊಟ್ಟಣ ಅಗ್ಗ, ನನ್ನ ಪಾರ್ಸಲ್ ಯಾಕೆ ದುಬಾರಿ?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಮನೆಯಲ್ಲೇ ರೇಷ್ಮೆ ದಾರದ ಬಳೆ, ಬಾಗಿಲ ತೋರಣ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಒಂದು ಬಳೆ ಡಬ್ಬಿಯನ್ನು ಕ್ಯಾಲಿಫೋರ್ನಿಯಾಕ್ಕೆ ಕಳಿಸಲು ಅಂಚೆ ಖರ್ಚೇ ಆರು ಡಾಲರ್ ದಾಟುತ್ತದೆ. ಅಂಥದೇ ಬಳೆ ಚೀನಾದಿಂದ ಅಂಚೆ ಖರ್ಚೂ ಸೇರಿ ಐದು ಡಾಲರ್‌ಗೆ ಬರುತ್ತಿತ್ತು. ಅಂತರರಾಷ್ಟ್ರೀಯ ಅಂಚೆ ಒಪ್ಪಂದವೇ ಇದಕ್ಕೆ ಕಾರಣ, ಅದರ ನಷ್ಟವನ್ನು ನಮ್ಮಂಥವರ ತಲೆಗೆ ಕಟ್ಟುತ್ತಾರೆ ಎಂದು ಕೇಳಿದ್ದೇನೆ. ನಿಜವೇ? 2020ರಲ್ಲಿ ಒಪ್ಪಂದ ಬದಲಾಯಿತಂತೆ. ಹಾಗಿದ್ದರೆ ನನ್ನ ದರ ಯಾಕೆ ಇಳಿಯಲಿಲ್ಲ? ಮೈಸೂರಿನಲ್ಲಿರುವ ನನ್ನ ತಂಗಿ ಅಲ್ಲಿಂದಲೇ ಗಿರಾಕಿಗಳಿಗೆ ಕಳಿಸಿದರೆ ಅಗ್ಗವಾಗುತ್ತದೆಯೇ?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದೇ. ಸಣ್ಣ ಮಾರಾಟಗಾರರಿಗೆ ಸಾಗಣೆ ಲೆಕ್ಕ ನೋಡಿಕೊಡುವುದು ನನ್ನ ಕೆಲಸ. ಈ ಪ್ರಶ್ನೆ ನನಗೆ ಹತ್ತು ವರ್ಷದಿಂದ ಬರುತ್ತಿದೆ. ಕೇಳುವವರೆಲ್ಲ ಎರಡು ವಿಷಯವನ್ನು ಒಂದೇ ಗಂಟಿನಲ್ಲಿ ಕಟ್ಟಿರುತ್ತಾರೆ. ಅಂಚೆ ಒಪ್ಪಂದ ನಿಮ್ಮ ಎದುರಾಳಿಯ ಖರ್ಚನ್ನು ಇಳಿಸಿತ್ತು. ನಿಮ್ಮ ಖರ್ಚು ಏರಿದ್ದಕ್ಕೆ ಬೇರೆಯದೇ ಕಾರಣಗಳಿವೆ. ಆ ಗಂಟು ಬಿಚ್ಚಿದರೆ 2020ರ ನಂತರವೂ ನಿಮ್ಮ ದರ ಯಾಕೆ ಇಳಿಯಲಿಲ್ಲ ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 22 ದೇಶಗಳು ಸೇರಿ ಒಂದು ಅಂಚೆ ಒಪ್ಪಂದ ಮಾಡಿಕೊಂಡವು. ಇವತ್ತಿನ ವಿಶ್ವ ಅಂಚೆ ಒಕ್ಕೂಟ ಹುಟ್ಟಿದ್ದು ಅಲ್ಲಿ. ಭಾರತ 1876ರಲ್ಲೇ ಸೇರಿತು. ಈಗ 192 ದೇಶಗಳಿವೆ. ಆಗಿನ ನಿಯಮ ತುಂಬ ಸರಳವಾಗಿತ್ತು. ಕಾಗದ ಕಳಿಸುವ ದೇಶ ಸ್ಟಾಂಪಿನ ದುಡ್ಡನ್ನು ತಾನೇ ಇಟ್ಟುಕೊಳ್ಳುತ್ತದೆ. ತಲುಪಿಸುವ ದೇಶ ಏನೂ ಕೇಳದೆ ಮನೆ ಬಾಗಿಲಿಗೆ ತಲುಪಿಸುತ್ತದೆ. ನಮ್ಮ ಮದುವೆ ಮನೆಯ ಮುಯ್ಯಿ ಇದ್ದ ಹಾಗೆ. ಇವತ್ತು ನಾವು ಅವರಿಗೆ ಮುಯ್ಯಿ ಮಾಡಿದರೆ ನಾಳೆ ನಮ್ಮ ಮನೆ ಮದುವೆಗೆ ಅವರು ಮಾಡುತ್ತಾರೆ. ಒಂದು ಕಾಗದ ಬಂದರೆ ಅದಕ್ಕೊಂದು ಉತ್ತರ ಹೋಗುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬ ನಂಬಿಕೆ.

ಮುಯ್ಯಿ ಒಂದೇ ಕಡೆಯಿಂದ ಹೋಗುತ್ತಿದ್ದರೆ ಏನಾಗುತ್ತದೆ? ಪುಸ್ತಕ, ಪತ್ರಿಕೆಗಳನ್ನು ಕಟ್ಟುಗಟ್ಟಲೆ ಕಳಿಸುವ ದೇಶಗಳಿದ್ದವು. ಕಳಿಸುವುದು ಕಡಿಮೆ, ತಲುಪಿಸುವುದೇ ಜಾಸ್ತಿ ಎನ್ನುವ ದೇಶಗಳೂ ಇದ್ದವು. ಸುಮ್ನೆ ಹೊತ್ತು ಹಂಚುವ ಭಾರ ಇವರ ಮೇಲೆ ಬಿತ್ತು. ಅದಕ್ಕೇ 1969ರ ಟೋಕಿಯೊ ಸಭೆಯಲ್ಲಿ ಹೊಸ ನಿಯಮ ಬಂತು. ಕಳಿಸುವ ದೇಶ ತಲುಪಿಸುವ ದೇಶಕ್ಕೆ ಬಟವಾಡೆಯ ಕೂಲಿ ಕೊಡಬೇಕು ಎಂದಾಯಿತು. 1971ರಿಂದ ಅದು ಜಾರಿಯಾಯಿತು. ಇದಕ್ಕೆ ಟರ್ಮಿನಲ್ ಡ್ಯೂಸ್ ಎನ್ನುತ್ತಾರೆ. ನಾನು ಬಟವಾಡೆ ಕೂಲಿ ಎಂದೇ ಕರೆಯುತ್ತೇನೆ, ಅದು ಅಷ್ಟೇ.

ಈ ಕೂಲಿಯಲ್ಲಿ ಎರಡು ವಿಷಯ ನೀವು ಗಮನಿಸಬೇಕು. ಒಂದು, ಬಡ ದೇಶಗಳು ಕಡಿಮೆ ಕೂಲಿ ಕೊಟ್ಟರೆ ಸಾಕು ಎಂದು ದೇಶಗಳನ್ನು ಗುಂಪು ಮಾಡಿದ್ದರು. ಚೀನಾ ಬಹಳ ಕಾಲ ಕಡಿಮೆ ಕೂಲಿಯ ಗುಂಪಿನಲ್ಲೇ ಇತ್ತು. ಎರಡು, ಅಂಚೆಯ ಭಾಷೆಯಲ್ಲಿ ಕಾಗದ ಎಂದರೆ ಬರೀ ಕಾಗದವಲ್ಲ. ಎರಡು ಕಿಲೋವರೆಗಿನ ಸಣ್ಣ ಪೊಟ್ಟಣವೂ ಅದೇ ಲೆಕ್ಕಕ್ಕೆ ಸೇರುತ್ತದೆ. ದೊಡ್ಡ ಪಾರ್ಸಲ್‌ಗಳ ಲೆಕ್ಕ ಬೇರೆ. ಕಾಗದ ಬರೆಯುವ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಪೊಟ್ಟಣಗಳು ಬರುತ್ತಿದ್ದದ್ದೇ ಅಪರೂಪ. ಆನ್‌ಲೈನ್ ಅಂಗಡಿಗಳು ಬಂದ ಮೇಲೆ ಆ ಎರಡು ಕಿಲೋ ಬಾಗಿಲಿನಿಂದ ಫೋನ್ ಕವರ್, ಚಾರ್ಜರ್, ಬಳೆ, ಓಲೆ ಎಲ್ಲವೂ ಹೊಳೆಯಂತೆ ಹರಿದುಬಂದವು.

ಅದರ ಮೇಲೆ ಅಮೆರಿಕದ ಅಂಚೆ ಸೇವೆ ಮತ್ತು ಚೀನಾದ ಅಂಚೆ ತಮ್ಮೊಳಗೆ ಇ-ಪ್ಯಾಕೆಟ್ ಎಂಬ ಒಪ್ಪಂದ ಮಾಡಿಕೊಂಡವು. ಎರಡು ಕಿಲೋವರೆಗಿನ ಪೊಟ್ಟಣಕ್ಕೆ ಟ್ರ್ಯಾಕಿಂಗ್ ಕೂಡ ಸಿಕ್ಕಿತು. 2011ರಲ್ಲಿ ಹೀಗೆ ಚೀನಾದಿಂದ ಬಂದ ಪೊಟ್ಟಣ 95 ಲಕ್ಷ. ಮರುವರ್ಷ 2 ಕೋಟಿ 68 ಲಕ್ಷ. ಒಂದೊಂದು ಪೊಟ್ಟಣದ ಮೇಲೂ ಅಂಚೆ ಸೇವೆಗೆ ಸುಮಾರು ಒಂದು ಡಾಲರ್ ನಷ್ಟವಾಗುತ್ತಿದೆ ಎಂದು ಅಲ್ಲಿನ ಲೆಕ್ಕ ತಪಾಸಣೆಯವರೇ ಹೇಳಿದರು. ನಷ್ಟವಾದರೂ ಯಾಕೆ ಒಪ್ಪಿಕೊಂಡರು ಎಂದು ನೀವು ಕೇಳಬಹುದು. ಹೆಚ್ಚು ಕೇಳಿದ್ದರೆ ಚೀನಾ ಹಳೆಯ ಬಟವಾಡೆ ಕೂಲಿಯಲ್ಲೇ ಕಳಿಸುತ್ತಿತ್ತು. ಅದು ಇನ್ನೂ ಕಡಿಮೆ. ಒಕ್ಕೂಟದ ಸದಸ್ಯ ದೇಶ ತಲುಪಿಸಲು ಆಗುವುದಿಲ್ಲ ಎನ್ನುವಂತೆಯೂ ಇರಲಿಲ್ಲ.

ನಿಮ್ಮದೇ ಊರಿನ ಚಿತ್ರ ನೋಡಿ. ಚೀನಾದ ಬಳೆ ಪೊಟ್ಟಣ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಇಳಿಯಿತು ಎನ್ನಿ. ಅಲ್ಲಿವರೆಗಿನ ಖರ್ಚು ಚೀನಾದ್ದು. ಅಲ್ಲಿಂದ ಮುಂದೆ ವಿಂಗಡಣೆ, ಲಾರಿ, ನಿಮ್ಮ ಬೀದಿಯ ಪೋಸ್ಟ್‌ಮ್ಯಾನ್, ಎಲ್ಲ ಅಮೆರಿಕದ್ದು. ಪಕ್ಕದ ಊರಿಗೆ ನೀವು ಕಳಿಸಿದ ಡಬ್ಬಿಯೂ ಅದೇ ಲಾರಿಯಲ್ಲಿ ಹೋಗುತ್ತದೆ. ಅದೇ ಪೋಸ್ಟ್‌ಮ್ಯಾನ್, ಅದೇ ಚೀಲ, ಎಷ್ಟೋ ಸಲ ಅದೇ ಬಾಗಿಲು. ಕೆಲಸ ಒಂದೇ, ಕೊಟ್ಟ ಕೂಲಿ ಬೇರೆ ಬೇರೆ. ನಿಮ್ಮ ರಾಜ್ಯದ್ದೇ ಒಂದು ಕಾಫಿ ಮಗ್ ಕಂಪನಿಯ ಕಥೆ ಆಗ ದೊಡ್ಡ ಸುದ್ದಿಯಾಗಿತ್ತು. ಅವರ ಮಗ್‌ನ ನಕಲು ಚೀನಾದಿಂದ ಸಾಗಣೆ ಸೇರಿ ಎಷ್ಟಕ್ಕೆ ಬರುತ್ತಿತ್ತೋ, ಎದುರು ಮನೆಗೆ ಅಸಲಿ ಮಗ್ ಕಳಿಸುವ ಅಂಚೆ ಖರ್ಚೇ ಅದಕ್ಕಿಂತ ಜಾಸ್ತಿಯಾಗುತ್ತಿತ್ತು. ಇದು ಅನ್ಯಾಯ ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಆ ನಷ್ಟವನ್ನು ನಿಮ್ಮ ಲೇಬಲ್ ಮೇಲೆ, ಅಂದರೆ ನೀವು ಕಟ್ಟುವ ಅಂಚೆ ದರದ ಮೇಲೆ ಹಾಕಿದರೇ?

ಲೆಕ್ಕ ಹಾಕೋಣ. 2017ರ ಆರ್ಥಿಕ ವರ್ಷದಲ್ಲಿ ಹೊರದೇಶದಿಂದ ಬಂದ ಕಾಗದ ಮತ್ತು ಸಣ್ಣ ಪೊಟ್ಟಣಗಳಿಂದ ಅಮೆರಿಕದ ಅಂಚೆ ಸೇವೆಗೆ ಆದ ನಷ್ಟ ಸುಮಾರು 17 ಕೋಟಿ ಡಾಲರ್. ಕೇಳಿದರೆ ಎದೆ ಝಲ್ ಎನ್ನುತ್ತದೆ. ಆದರೆ ಆ ವರ್ಷ ಅವರ ಒಟ್ಟು ಆದಾಯ ಸುಮಾರು 6,960 ಕೋಟಿ ಡಾಲರ್. ಅಂದರೆ ನೂರು ಡಾಲರ್‌ಗೆ 24 ಸೆಂಟ್. ಇಡೀ ನಷ್ಟವನ್ನು ಎಲ್ಲ ಗಿರಾಕಿಗಳ ಮೇಲೂ ಸಮನಾಗಿ ಹಂಚಿದರೆ ನಿಮ್ಮ ಆರು ಡಾಲರ್ ಲೇಬಲ್ ಮೇಲೆ ಬೀಳುವುದು ಒಂದೂವರೆ ಸೆಂಟ್. ನಿಮ್ಮ ಡಬ್ಬಿಗೆ ಸುತ್ತುವ ಟೇಪಿಗೂ ಅದಕ್ಕಿಂತ ಜಾಸ್ತಿ ಖರ್ಚಾಗುತ್ತದೆ.

ಹಾಗೆ ಹಂಚುವುದಕ್ಕೂ ಕಾನೂನಿನ ಅಡ್ಡಿ ಇತ್ತು. ಅಮೆರಿಕದ ಅಂಚೆ ಸೇವೆಯ ಆದಾಯ ಎರಡು ಖಾನೆಗಳಲ್ಲಿದೆ. ಕಾಗದ, ಪತ್ರಿಕೆ ಮುಂತಾದವು ಒಂದು ಖಾನೆ. ಅದರ ದರ ಏರಿಸಲು ಮಿತಿ ಇದೆ. ಖಾಸಗಿ ಕೊರಿಯರ್‌ಗಳ ಜೊತೆ ಪೈಪೋಟಿ ಇರುವ ಪಾರ್ಸಲ್‌ಗಳು ಇನ್ನೊಂದು. ಪಾರ್ಸಲ್ ತನ್ನ ಖರ್ಚನ್ನು ತಾನೇ ಹೊರಬೇಕು. ಚೀನಾದ ಸಣ್ಣ ಪೊಟ್ಟಣಗಳು ಬಟವಾಡೆ ಕೂಲಿಯ ಮೇಲೆ ಬರುತ್ತಿದ್ದಾಗ ಅವು ಕಾಗದದ ಖಾನೆಯಲ್ಲಿದ್ದವು. ನಿಮ್ಮ ಬಳೆ ಡಬ್ಬಿ ಪಾರ್ಸಲ್ ಖಾನೆಯಲ್ಲಿತ್ತು. ಆ ನಷ್ಟ ನೇರವಾಗಿ ನಿಮ್ಮ ದರದೊಳಗೆ ಬಂದು ಕೂರುವ ದಾರಿಯೇ ಇರಲಿಲ್ಲ.

ಹಾಗಾದರೆ ನಿಮಗೆ ನಷ್ಟವೇ ಆಗಲಿಲ್ಲವೇ? ಆಯಿತು, ಮಾರಾಟದಲ್ಲಿ. ಐದು ಡಾಲರ್ ಬಳೆ ಕಣ್ಣೆದುರಿಗಿದ್ದಾಗ ನಿಮ್ಮ ಬಳೆಗೆ ಅಂಚೆ ಖರ್ಚು ಬೇರೆ ಸೇರಿಸಿ ಕೇಳಲು ಆಗುವುದಿಲ್ಲ. ಫ್ರೀ ಶಿಪ್ಪಿಂಗ್ ಎಂದು ಹಾಕಿ ಆ ಆರು ಡಾಲರನ್ನು ನೀವೇ ನುಂಗಿಕೊಂಡಿದ್ದೀರಿ, ಅಲ್ವಾ? ಒಪ್ಪಂದದ ಪೆಟ್ಟು ನಿಮಗೆ ಬಿದ್ದದ್ದು ಅಲ್ಲಿ. ಅಂಚೆ ರಸೀದಿಯಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ.

ಮುಂದೆ ಏನಾಯಿತು ನೋಡಿ. 2018ರ ಅಕ್ಟೋಬರ್ 17ರಂದು ಅಮೆರಿಕ ಒಕ್ಕೂಟ ಬಿಡುವುದಾಗಿ ನೋಟಿಸ್ ಕೊಟ್ಟಿತು. ಒಂದು ವರ್ಷದ ಗಡುವು. ಬಿಟ್ಟಿದ್ದರೆ ದೊಡ್ಡ ಗೊಂದಲವಾಗುತ್ತಿತ್ತು. ಹೊರದೇಶದಲ್ಲಿರುವ ಸೈನಿಕರ ಮತಪತ್ರ ಹೇಗೆ ಬರುತ್ತದೆ ಎಂಬ ಚಿಂತೆಯೂ ಆಗ ಎದ್ದಿತ್ತು. ಗಡುವಿಗೆ ಕೆಲವೇ ವಾರ ಮುಂಚೆ, 2019ರ ಸೆಪ್ಟೆಂಬರ್ ಕೊನೆಯಲ್ಲಿ ಜಿನೀವಾದಲ್ಲಿ ಒಕ್ಕೂಟದ ವಿಶೇಷ ಸಭೆ ಸೇರಿತು. ಅಲ್ಲಿ ಒಮ್ಮತದಿಂದ ಒಂದು ದಾರಿ ಕಂಡುಕೊಂಡರು. ಸಣ್ಣ ಪೊಟ್ಟಣಗಳ ಬಟವಾಡೆ ಕೂಲಿ ಎಷ್ಟು ಎಂದು ತಲುಪಿಸುವ ದೇಶವೇ ಹೇಳಬಹುದು. ಹಾಗೆಂದು ಬಾಯಿಗೆ ಬಂದಷ್ಟು ಹೇಳುವಂತಿಲ್ಲ. ತನ್ನ ದೇಶದೊಳಗಿನ ದರದ ಇಂತಿಷ್ಟು ಪಾಲು ಎಂಬ ಮಿತಿ ಇದೆ. ಶುರುವಿಗೆ ಅದು ಶೇ 70 ಇತ್ತು. ಬೇರೆ ದೇಶಗಳು 2021ರಿಂದ ಹಂತಹಂತವಾಗಿ ಏರಿಸಬಹುದು ಎಂದಾಯಿತು. ವರ್ಷಕ್ಕೆ 75,000 ಟನ್‌ಗಿಂತ ಜಾಸ್ತಿ ಅಂಚೆ ಬರುವ ದೇಶ ಮಾತ್ರ 2020ರ ಜುಲೈ 1ರಿಂದಲೇ ಶುರುಮಾಡಬಹುದು. ಅಮೆರಿಕ ಅದನ್ನೇ ಮಾಡಿತು.

ನಿಮ್ಮ ದರ ಇಳಿಯಬೇಕೆಂದು ಆ ಒಪ್ಪಂದದಲ್ಲಿ ಒಂದು ಅಕ್ಷರವೂ ಇಲ್ಲ. ಅದು ಎರಡು ಅಂಚೆ ಇಲಾಖೆಗಳ ನಡುವಿನ ಕೊಡು ಕೊಳ್ಳುವಿಕೆ. ಪರದೇಶದವನ ಕೂಲಿ ಏರಿತು, ನಿಮ್ಮದು ಇದ್ದಲ್ಲೇ ಇತ್ತು. ಅಷ್ಟೇ ಅಲ್ಲ, ಬೇರೆ ದೇಶಗಳಿಗೂ ಕೂಲಿ ಏರಿಸುವ ಹಕ್ಕು ಸಿಕ್ಕಿತು. ಕೆನಡಾ, ಇಂಗ್ಲೆಂಡ್, ಜರ್ಮನಿಗೆ ಅಮೆರಿಕದಿಂದ ಸಣ್ಣ ಪೊಟ್ಟಣ ಕಳಿಸುವವರಿಗೆ ಹಳೆಯ ಕೂಲಿ ಅನುಕೂಲವೇ ಆಗಿತ್ತು. ಆ ಅನುಕೂಲ ಕರಗಿತು. ಟೊರೊಂಟೊದ ಗಿರಾಕಿಗೆ ನೀವು ತೋರಣ ಕಳಿಸುತ್ತಿದ್ದರೆ ಒಪ್ಪಂದದ ಬದಲಾವಣೆ ನಿಮಗೆ ನೇರವಾಗಿ ತಗಲುವುದು ಅಲ್ಲಿ, ಅದೂ ಮೇಲ್ಮುಖವಾಗಿ.

ಚೀನಾದ ಮಾರಾಟಗಾರರೂ ಸುಮ್ಮನೆ ಕೂರಲಿಲ್ಲ. ಅಂಚೆ ದಾರಿ ದುಬಾರಿಯಾದಂತೆ ಸರಕು ವಿಮಾನದಲ್ಲಿ ಒಟ್ಟಿಗೆ ತಂದು, ಅಮೆರಿಕದಲ್ಲಿ ಇಳಿಸಿ, ಇಲ್ಲಿನ ಲೇಬಲ್ ಅಂಟಿಸಿ ಹಂಚುವ ದಾರಿ ಬೆಳೆಯಿತು. 800 ಡಾಲರ್‌ವರೆಗಿನ ಸರಕಿಗೆ ಸುಂಕವಿಲ್ಲ ಎಂಬ ವಿನಾಯಿತಿ 2016ರಿಂದ ಇತ್ತು. ಅದಕ್ಕೂ ಅಂಚೆ ಒಪ್ಪಂದಕ್ಕೂ ಸಂಬಂಧವಿಲ್ಲ. ಅದು ಕಸ್ಟಮ್ಸ್ ಕಾನೂನು. 2024ರ ಆರ್ಥಿಕ ವರ್ಷದಲ್ಲಿ ಆ ವಿನಾಯಿತಿಯಲ್ಲಿ ಒಳಬಂದ ಪೊಟ್ಟಣಗಳು 130 ಕೋಟಿಗೂ ಜಾಸ್ತಿ. ಚೀನಾ, ಹಾಂಗ್‌ಕಾಂಗ್‌ಗೆ 2025ರ ಮೇ 2ರಂದು, ಉಳಿದೆಲ್ಲ ದೇಶಗಳಿಗೆ ಆಗಸ್ಟ್ 29ರಂದು ಅದು ನಿಂತಿತು. ನೀವು ಹೇಳುವ ಐದು ಡಾಲರ್ ಬಳೆ ಈಚೆಗೆ ಕಾಣೆಯಾಗಿದ್ದರೆ ಅಥವಾ ಬೆಲೆ ಏರಿದ್ದರೆ ಕಾರಣ ಇಲ್ಲಿ ಹುಡುಕಿ.

ನಿಮ್ಮ ದರಕ್ಕೆ ಬರೋಣ. ಒಳನಾಡಿನ ದರ ಏರಿದ್ದು ಒಳನಾಡಿನ ಕಾರಣಕ್ಕೇ. 2019ರ ಜನವರಿವರೆಗೆ ಒಂದು ಪೌಂಡಿನೊಳಗಿನ (ಸುಮಾರು 450 ಗ್ರಾಂ) ಪೊಟ್ಟಣಕ್ಕೆ ದೇಶದಲ್ಲೆಲ್ಲ ಒಂದೇ ದರ ಇತ್ತು. ನ್ಯೂಜೆರ್ಸಿಯಿಂದ ಪಕ್ಕದ ಫಿಲಡೆಲ್ಫಿಯಾಕ್ಕೂ ಅಷ್ಟೇ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೂ ಅಷ್ಟೇ. ಆಮೇಲೆ ದೂರ ನೋಡಿ ಝೋನ್ ಲೆಕ್ಕ ಬಂತು. ನಿಮಗೆ ಕ್ಯಾಲಿಫೋರ್ನಿಯಾ ಎಂಟನೇ ಝೋನ್, ತುಂಬ ದೂರದ್ದು. ಕನ್ನಡದ ಗಿರಾಕಿಗಳು ಅಲ್ಲಿನ ಬೇ ಏರಿಯಾದಲ್ಲಿ ಜಾಸ್ತಿ ಇರುವುದರಿಂದ ನಿಮ್ಮಂಥವರಿಗೆ ಈ ಬದಲಾವಣೆ ಒಪ್ಪಂದಕ್ಕಿಂತ ಹೆಚ್ಚು ಪೆಟ್ಟು ಕೊಟ್ಟಿದೆ. ಅಂಗಡಿ ಮಾಡುವವರು ಇದರ ಬಗ್ಗೆ ಮಾತೇ ಆಡುವುದಿಲ್ಲ ಎಂಬುದು ನನಗೆ ಬೇಸರ. 2020ರಿಂದ ವರ್ಷದ ಕೊನೆಯಲ್ಲಿ ಹಬ್ಬದ ಸೀಸನ್‌ಗೆಂದು ಹೆಚ್ಚುವರಿ ದರ ಹಾಕುವ ಅಭ್ಯಾಸ ಶುರುವಾಯಿತು, ಎಲ್ಲ ವರ್ಷವೂ ಹಾಕಿಲ್ಲ ಅಷ್ಟೇ. ಅವರ ಲೆಕ್ಕದಲ್ಲಿ ಅದು ಕ್ರಿಸ್‌ಮಸ್ ಸೀಸನ್. ಅಕ್ಟೋಬರಿನಲ್ಲೇ ಶುರುವಾಗುವುದರಿಂದ ನಮ್ಮ ದಸರೆ, ದೀಪಾವಳಿಯ ಆರ್ಡರ್‌ಗಳೂ ಅದರೊಳಗೆ ಸಿಕ್ಕಿಬೀಳುತ್ತವೆ. 2023ರ ಜುಲೈನಲ್ಲಿ ಹಳೆಯ ಪಾರ್ಸಲ್ ಸೇವೆಗಳನ್ನು ಸೇರಿಸಿ ಗ್ರೌಂಡ್ ಅಡ್ವಾಂಟೇಜ್ ಎಂಬ ಒಂದೇ ಸೇವೆ ಮಾಡಿದರು. ಆಮೇಲೂ ದರ ಏರುತ್ತಲೇ ಇದೆ.

ಇಲ್ಲಿ ನಿಮ್ಮ ಕೈಯಲ್ಲಿರುವುದು ಏನು? ಮೊದಲು ಅಡುಗೆ ಮನೆಯ ತಕ್ಕಡಿ ತೆಗೆಯಿರಿ. ಒಂದು ಪೌಂಡಿನೊಳಗಿನ ಪೊಟ್ಟಣಕ್ಕೆ ನಾಲ್ಕು ಔನ್ಸಿಗೊಂದು ದರದ ಮೆಟ್ಟಿಲು. ನಾಲ್ಕು ಔನ್ಸ್ ಎಂದರೆ 113 ಗ್ರಾಂ. ನಿಮ್ಮ ಬಳೆ 70 ಗ್ರಾಂ ಇದ್ದು, ಗಟ್ಟಿ ರಟ್ಟಿನ ಡಬ್ಬಿ 50 ಗ್ರಾಂ ಇದ್ದರೆ ನೀವು ಏಳು ಗ್ರಾಮಿಗಾಗಿ ಮೇಲಿನ ಮೆಟ್ಟಿಲಿನ ದುಡ್ಡು ಕೊಡುತ್ತಿದ್ದೀರಿ. ನನ್ನ ಬಳಿ ಬಂದ ಒಬ್ಬ ಹೆಣ್ಣುಮಗಳು ಬಳೆಯ ಒಳಗೆ ಸುರುಳಿ ಸುತ್ತಿದ ತೆಳು ರಟ್ಟು ಇಟ್ಟು, ಹೊರಗೆ ಬಬಲ್ ಕವರ್ ಹಾಕಿ ಕಳಿಸತೊಡಗಿದರು. ಡಬ್ಬಿಯೇ ಬೇಕಾಗಲಿಲ್ಲ. ಬಳೆ ಜಜ್ಜಿಹೋಗುವುದು ಒಳಗೆ ಟೊಳ್ಳಾಗಿದ್ದಾಗ ತಾನೆ.

ಆದರೆ ತೂಕಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ತೂಕ ಎರಡು ಪಟ್ಟಾದರೆ ದರ ಎರಡು ಪಟ್ಟಾಗುವುದಿಲ್ಲ. ನಿಮ್ಮ ದುಡ್ಡಿನ ಬಹುಪಾಲು ಹೋಗುವುದು ಪೋಸ್ಟ್‌ಮ್ಯಾನ್ ಒಂದು ಬಾಗಿಲಿಗೆ ಒಂದು ಸಲ ಹೋಗುವುದಕ್ಕೆ. ಒಂದು ಜೊತೆ ಬಳೆ ಹೋದರೂ ಅದೇ ನಡಿಗೆ, ಮೂರು ಜೊತೆ ಹೋದರೂ ಅದೇ ನಡಿಗೆ. ಹಾಗಾಗಿ ಸೀರೆ ಬಣ್ಣಕ್ಕೆ ಮೂರು ಜೊತೆಯ ಸೆಟ್ ಮಾಡಿ ಮಾರಿ. ಒಂಟಿ ಜೊತೆಗೆ ಅಂಚೆ ಖರ್ಚು ಬೇರೆ, ಸೆಟ್‌ಗೆ ಫ್ರೀ ಎಂದು ಹಾಕಿ. ಚೀನಾದ ಬಳೆಯ ಜೊತೆ ಐದು ಡಾಲರಿನ ಲೆಕ್ಕದಲ್ಲಿ ಗುದ್ದಾಡುವುದಕ್ಕಿಂತ ಇದು ನಿಮಗೆ ಹೆಚ್ಚು ಉಳಿಸುತ್ತದೆ.

ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತು ಕೊಡುವ ದರಕ್ಕೂ, ಮನೆಯಲ್ಲೇ ಲೇಬಲ್ ಮುದ್ರಿಸಿದಾಗ ಬೀಳುವ ವಾಣಿಜ್ಯ ದರಕ್ಕೂ ತುಂಬ ವ್ಯತ್ಯಾಸವಿದೆ. ನೀವು ಇನ್ನೂ ಕೌಂಟರಿಗೆ ಹೋಗುತ್ತಿದ್ದರೆ ಇವತ್ತೇ ನಿಲ್ಲಿಸಿ. ತೋರಣಕ್ಕೆ ಇನ್ನೊಂದು ಎಚ್ಚರ. ಡಬ್ಬಿಯ ಉದ್ದ 22 ಇಂಚು ದಾಟಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ. ಹಿಂದೆ ಒಬ್ಬರು ತೋರಣ ಮಡಿಕೆಯಾಗಬಾರದು ಎಂದು 24 ಇಂಚಿನ ಡಬ್ಬಿಯಲ್ಲಿ ಇಡೀ ಹಬ್ಬದ ಆರ್ಡರ್ ಕಳಿಸಿದ್ದರು. ಎರಡು ಇಂಚಿಗಾಗಿ ಲಾಭವೆಲ್ಲ ಹೋಯಿತು. ತೋರಣವನ್ನು ಸುರುಳಿ ಸುತ್ತಿ, ಸಣ್ಣ ಚೌಕ ಡಬ್ಬಿಯಲ್ಲಿಡಿ. ಅಂಚೆ ಕಚೇರಿಯಲ್ಲಿ ಪುಕ್ಕಟೆ ಸಿಗುವ, ಪ್ರಯಾರಿಟಿ ಎಂಬ ವೇಗದ ಸೇವೆಯ ಡಬ್ಬಿಯನ್ನು ಮಾತ್ರ ಇದಕ್ಕೆ ಬಳಸಬೇಡಿ. ಅದು ಆ ಸೇವೆಗೆ ಮಾತ್ರ.

ಕೊನೆಗೆ ತಂಗಿಯ ವಿಷಯ. ಭಾರತೀಯ ಅಂಚೆಯಲ್ಲಿ ಸಣ್ಣ ಪೊಟ್ಟಣಗಳಿಗೆ ಟ್ರ್ಯಾಕಿಂಗ್ ಇರುವ ಅಂತರರಾಷ್ಟ್ರೀಯ ಸೇವೆ ಇದೆ. ರಫ್ತು ಮಾಡುವವರಿಗೆಂದೇ 2022ರಿಂದ ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದ್ದಾರೆ. ಕಾಗದ ಪತ್ರ ತುಂಬಲು ಅಲ್ಲಿ ಸಹಾಯ ಮಾಡುತ್ತಾರೆ. ವ್ಯಾಪಾರದ ಸರಕಾದ್ದರಿಂದ ತಂಗಿಗೆ ಆಮದು ರಫ್ತು ಕೋಡ್ ಬೇಕು. ಅಮೆರಿಕ ಹೇಳಿದ ಹೊಸ ಬಟವಾಡೆ ಕೂಲಿಯನ್ನು ಭಾರತೀಯ ಅಂಚೆಯೂ ಕೊಡಬೇಕು. ಆದ್ದರಿಂದ ಚೀನಾಕ್ಕೆ ಹಿಂದೆ ಸಿಕ್ಕ ಅಗ್ಗದ ದಾರಿ ಇವತ್ತು ಮೈಸೂರಿಗೂ ಇಲ್ಲ.

ಜೊತೆಗೆ ಸುಂಕ. ಆಗಸ್ಟ್ 29ರ ಬದಲಾವಣೆಗೆ ಮುಂಚೆ, 2025ರ ಆಗಸ್ಟ್ 25ರಿಂದ ಭಾರತೀಯ ಅಂಚೆ ಅಮೆರಿಕಕ್ಕೆ ಸರಕು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. ಭಾರತ ಒಂದೇ ಅಲ್ಲ, ಒಟ್ಟು 88 ಅಂಚೆ ಸಂಸ್ಥೆಗಳು ಪೂರ್ತಿಯಾಗಿಯೋ ಅರ್ಧಂಬರ್ಧವೋ ನಿಲ್ಲಿಸಿದ್ದವು ಎಂದು ಒಕ್ಕೂಟವೇ ಹೇಳಿತು. ಭಾರತದಿಂದ ಅಕ್ಟೋಬರ್ 15ರಂದು ಮತ್ತೆ ಶುರುವಾಯಿತು. ಈಗ ಸುಂಕವನ್ನು ಬುಕ್ ಮಾಡುವಾಗಲೇ ಅಲ್ಲೇ ಕಟ್ಟಬೇಕು. ಮತ್ತೆ ಶುರುವಾದಾಗ ಅದು ಘೋಷಿಸಿದ ಬೆಲೆಯ ಶೇ 50 ಇತ್ತು. ಹತ್ತು ಡಾಲರ್ ಬಳೆಗೆ ಐದು ಡಾಲರ್. ಈ ಸುಂಕ ಆಗಾಗ ಬದಲಾಗುವಂಥದ್ದು. ಹಾಗಾಗಿ ತಂಗಿ ಕಳಿಸುವ ದಿನವೇ ಕೇಳಿ ತಿಳಿದುಕೊಳ್ಳಲಿ. ಸುಂಕ ತಪ್ಪಿಸಲು ಗಿಫ್ಟ್ ಎಂದು ಬರೆದು ಕಳಿಸುವ ಯೋಚನೆ ಮಾತ್ರ ಬೇಡ. ಮಾರಾಟದ ಸರಕು ಗಿಫ್ಟ್ ಅಲ್ಲ. ಭಾರತದಲ್ಲೂ ಚೀನಾದ ಆನ್‌ಲೈನ್ ಸರಕು ಸುಂಕವಿಲ್ಲದ, 5,000 ರೂಪಾಯಿಯೊಳಗಿನ ಗಿಫ್ಟ್ ಹೆಸರಿನಲ್ಲಿ ಬರತೊಡಗಿತ್ತು. ಕೊನೆಗೆ 2019ರ ಡಿಸೆಂಬರಿನಲ್ಲಿ ರಾಖಿ ಮತ್ತು ಜೀವ ಉಳಿಸುವ ಔಷಧಿ ಬಿಟ್ಟು ಸುಂಕವಿಲ್ಲದ ಗಿಫ್ಟ್ ಆಮದನ್ನೇ ನಿಲ್ಲಿಸಿದರು. ಕೆಲವರು ಮಾಡಿದ್ದಕ್ಕೆ ನಿಜವಾಗಿ ಉಡುಗೊರೆ ಕಳಿಸುವವರಿಗೂ ಆ ವಿನಾಯಿತಿ ಹೋಯಿತು.

ಒಂದೊಂದೇ ಬಳೆಯನ್ನು ಮೈಸೂರಿನಿಂದ ಗಿರಾಕಿಗೆ ಕಳಿಸುವುದು ನಿಮಗೆ ಲಾಭವಾಗುವುದಿಲ್ಲ ಎಂದೇ ನನ್ನ ಅಭಿಪ್ರಾಯ. ತಂಗಿ ಮಾಡಿದ ಬಳೆ ಬೇಕೇ ಬೇಕು ಎಂದಿದ್ದರೆ ದಸರೆಗೆ ಎರಡು ತಿಂಗಳು ಮುಂಚೆ, ನಿಜವಾದ ಬೆಲೆ ಬರೆದು, ಒಂದೇ ಪೆಟ್ಟಿಗೆಯಲ್ಲಿ ನಿಮಗೆ ಕಳಿಸಲಿ. ಇಲ್ಲಿಂದ ನೀವು ಹಂಚಿ. ಸೀಸನ್ ದರ ಶುರುವಾಗುವ ಮೊದಲು ಆರ್ಡರ್ ಹಾಕುವವರಿಗೆ ಏನಾದರೂ ರಿಯಾಯಿತಿ ಕೊಡಿ. ಅಷ್ಟರಲ್ಲಿ ನಿಮ್ಮ ಬಳೆ ಮತ್ತು ಖಾಲಿ ಡಬ್ಬಿಯನ್ನು ಬೇರೆ ಬೇರೆ ತೂಗಿ ನನಗೆ ಬರೆಯಿರಿ. ನಾಲ್ಕು ಔನ್ಸಿನೊಳಗೆ ಕೂರಿಸಲು ಏನು ತೆಗೆಯಬೇಕು ಎಂದು ನೋಡೋಣ.